ಸೋಯಾ ಕಟಾವಿಗೆ ಮೊದಲು ಮಾವನ ಹಲ್ಲು ಬಿತ್ತು

ಭಾನುವಾರ, ಊಟ ಮುಗಿದ ಮೇಲೆ
ಅಡುಗೆಮನೆ ಮೇಜಿನಿಂದ

ನನ್ನ ಮುದ್ದು ನಾದಿನಿ ಪುಟ್ಟಿಗೆ,

ನಿನ್ನ ಅತ್ತಿಗೆಯ ಪ್ರೀತಿ, ಜೊತೆಗೆ ಒಂದಿಷ್ಟು ಹೊಲದ ಧೂಳು. ಧೂಳು ಬೇಕೆಂದು ಹಾಕಿದ್ದಲ್ಲ. ಈ ವಾರ ನಮ್ಮನೆಯಲ್ಲಿ ಏನು ಮುಟ್ಟಿದರೂ ಅದೇ ಅಂಟುತ್ತಿದೆ, ಕಾಗದ ಮಾತ್ರ ಹೇಗೆ ತಪ್ಪಿಸಿಕೊಂಡೀತು?

ಮೊನ್ನೆ ಫೋನಿನಲ್ಲಿ ನೀನು ಬೈದೆಯಲ್ಲ, "ಅರ್ಧ ಹೇಳಿ ಇಟ್ಟುಬಿಡ್ತೀಯ, ಉಳಿದರ್ಧ ಯಾರ ಹತ್ರ ಕೇಳಲಿ" ಅಂತ. ಏನು ಮಾಡಲಿ ಹೇಳು. ಫೋನಿರುವುದು ನಡುಮನೆಯಲ್ಲಿ, ಮಾವ ಕೂರುವುದು ಅದರ ಪಕ್ಕದಲ್ಲಿ. ಊಟಕ್ಕೆ ಕರೆದರೆ ಕೇಳಿಸದ ಕಿವಿಗೆ ಅವರ ಹೆಸರು ಪಿಸುಗುಟ್ಟಿದರೆ ಸಾಕು, ತಟಕ್ಕನೆ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಈಗ ನಿಮ್ಮಪ್ಪ ಒಳಗೆ, ನಿಮ್ಮಣ್ಣ ಜಗಲಿಯ ಬೆಂಚಿನ ಮೇಲೆ, ಇಬ್ಬರೂ ಪೈಪೋಟಿಗೆ ಬಿದ್ದವರಂತೆ ಗೊರಕೆ ಹೊಡೆಯುತ್ತಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಚೆನ್ನಾಗಿದ್ದೇವೆ. ಕಟಾವಿನ ಮಷೀನೂ ಚೆನ್ನಾಗಿದೆ. ಶೆಡ್ಡಿನ ಬಾಗಿಲ ಕಂಬ ಮಾತ್ರ ಯಾರಿಗೋ ತಲೆಬಾಗಿ ನಮಸ್ಕಾರ ಮಾಡುತ್ತಿರುವ ಹಾಗಿದೆ. ಅದರ ಕಥೆ ಮುಂದೆ ಬರುತ್ತದೆ.

ನಮ್ಮ ಮನೆಯಲ್ಲಿ ಸೋಯಾ ಕೊಯ್ಯುವ ದಿನ ಗೊತ್ತು ಮಾಡುವುದು ಮಾವನ ಹಲ್ಲು, ಇದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಇಬ್ಬನಿ ಆರಿದ ಮೇಲೆ ಹೊಲಕ್ಕೆ ಹೋಗುವುದು, ಕಾಯಿ ಬಿಡಿಸುವುದು, ಎಡಗಡೆಯ ಜೋಡಿ ಹಲ್ಲಿನ ನಡುವೆ ಒಂದು ಕಾಳಿಟ್ಟು ಕಣ್ಣು ಮುಚ್ಚಿ ಕಚ್ಚುವುದು. ಕಾಳು ತಗ್ಗಿದರೆ "ಇನ್ನೂ ಇಲ್ಲ". ಕಟಕ್ಕೆಂದು ಎರಡು ಹೋಳಾದರೆ "ಹೊರಡಿ". ಅವರಪ್ಪನೂ ಹಾಗೇ ಮಾಡುತ್ತಿದ್ದರಂತೆ, ಅಜ್ಜ ಗೋಧಿಯನ್ನು ಹಾಗೇ ಕಚ್ಚುತ್ತಿದ್ದರಂತೆ. ನಿಮ್ಮಣ್ಣ ತೇವ ಅಳೆಯುವ ಮೀಟರು ತಂದು ಎಷ್ಟು ವರ್ಷವಾಯಿತು! ಆದರೆ ಅಳೆದು, ಅದನ್ನು ಜೇಬಿಗಿಳಿಸಿ, ಅಪ್ಪನ ಹಲ್ಲಿನ ತೀರ್ಪಿಗೆ ಕೈಕಟ್ಟಿ ನಿಲ್ಲುವುದೇ ಅವರ ಕೆಲಸ. ಎರಡೂ ಒಂದೇ ಮಾತು ಹೇಳಿದರೆ ಸರಿ. ಬೇರೆ ಹೇಳಿದರೆ ಗೆಲ್ಲುವುದು ಹಲ್ಲೇ. ಪ್ರತಿ ಕಟಾವಿಗೂ ನನ್ನ ಮುಂದೆ ಒಂದೇ ರಾಗ: "ತಲೆ ಹಣ್ಣಾಯ್ತು ಕಣೇ, ಈ ಮನೇಲಿ ಇನ್ನೂ ನಾನು ಕೂಲಿಯವನೇ."

ಈ ಸಲ ಏನಾಯಿತೆಂದರೆ, ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ನಾನೂ ಅಪ್ಪ ಮಗನ ಹಿಂದೆ ದಿಬ್ಬದ ಹೊಲಕ್ಕೆ ಹೋಗಿದ್ದೆ. ಎಲೆಯೆಲ್ಲ ಉದುರಿ ಬರೀ ಕಡ್ಡಿ, ಕಾಯಿ. ಮುಟ್ಟಿದರೆ ಗಿಲಕಿಯ ಹಾಗೆ ಗಲಗಲ ಅನ್ನುತ್ತಿತ್ತು. ಮಾವ ಕಾಳು ಬಾಯಿಗೆ ಹಾಕಿ ಕಣ್ಣು ಮುಚ್ಚಿದರು, ಕಚ್ಚಿದರು. ಕಟಕ್ಕೆಂದು ಸದ್ದೇನೋ ಬಂತು. ಆದರೆ ಕಣ್ಣು ಬಿಟ್ಟ ಮನುಷ್ಯ "ಹೊರಡಿ" ಅನ್ನಲಿಲ್ಲ. ಅಂಗೈಗೆ ಉಗುಳಿದರು. ನೋಡಿದರೆ ಎರಡಿವೆ! ಎರಡೂ ಒಂದೇ ಬಣ್ಣ, ಹೆಚ್ಚುಕಡಿಮೆ ಒಂದೇ ಗಾತ್ರ. ಯಾವುದು ಕಾಳು, ಯಾವುದು ಹಲ್ಲು ಅಂತ ಬಗ್ಗಿ ನೋಡಬೇಕಾಯಿತು. ತುಟಿಯಲ್ಲಿ ರಕ್ತ.

ಆಗ ನಿಮ್ಮಣ್ಣ ಬಾಯಿ ಬಿಟ್ಟರು ನೋಡು. "ಅಪ್ಪ, ಕಾಳು ಒಣಗಿದೆಯಾ?"

ಪುಟ್ಟೀ, ಅವರ ಮನಸ್ಸಲ್ಲಿ ಏನೂ ಇರಲಿಲ್ಲ, ದೇವರಾಣೆಗೂ ಇರಲಿಲ್ಲ. ವರ್ಷವರ್ಷವೂ ಕೇಳುವ ಪ್ರಶ್ನೆ, ಅಭ್ಯಾಸಬಲದಿಂದ ನಾಲಿಗೆ ಕೇಳಿಬಿಟ್ಟಿತು. ಆದರೆ ಮಾವ ಮಗನ ಮುಖವನ್ನು ನೋಡಿದ ರೀತಿ ನನಗೆ ಇನ್ನೂ ಮರೆಯಲಾಗುತ್ತಿಲ್ಲ. ಹಲ್ಲನ್ನು ಅಂಗಿ ಜೇಬಿಗೆ ಹಾಕಿಕೊಂಡರು, ಕಾಳನ್ನು ನಿಮ್ಮಣ್ಣನ ಕೈಯಲ್ಲಿಟ್ಟರು. "ನೀನೇ ನೋಡ್ಕೊಳ್ಳಪ್ಪ. ಇನ್ಮೇಲೆ ಎಲ್ಲಾ ನೀನೇ ನೋಡ್ಕೋ" ಅಂದು ಬದುವಿನ ಮೇಲೆ ಒಬ್ಬರೇ ನಡೆದು ಹೋದರು.

ಮಧ್ಯಾಹ್ನ ನಾನೇ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಹುಡುಗಿ, ಕೈಗುಣ ಒಳ್ಳೆಯದು. ಉಳಿದ ಒಂಟಿ ಹಲ್ಲುಗಳನ್ನೂ ತೆಗೆದು ಸೆಟ್ ಹಾಕಿಸಿಕೊಳ್ಳಿ ತಾತ, ಮೆತ್ತಗಿನದೆಲ್ಲ ಆರಾಮಾಗಿ ತಿನ್ನಬಹುದು ಅಂದಳು. ಮಾವ ಮನೆಗೆ ಬಂದವರೇ ಜಗಲಿಯ ಮೇಲೆ ಹೊಲದ ಕಡೆ ಮುಖ ಮಾಡಿದ್ದ ತಮ್ಮ ಕುರ್ಚಿಯನ್ನು ಎತ್ತಿ ಗೋಡೆಯ ಕಡೆ ತಿರುಗಿಸಿ ಕೂತರು. ಏನು ಮಾವ ಇದು ಅಂದರೆ, ಕಣ್ಣಿಗೆ ಬಿಸಿಲು ಹೊಡೆಯುತ್ತೆ ಅಂದರು. ಮೋಡ ಕವಿದಿತ್ತು.

ಇನ್ನು ನಿಮ್ಮಣ್ಣನ ಕಥೆ ಕೇಳು. ಮಾರನೆಯ ದಿನ ಗಡ್ಡ ಹೆರೆಯುತ್ತಾ ಶಿಳ್ಳೆ ಹಾಕಿದರು! ಹೊಸ ಮದುಮಗನ ಹಾಗೆ ಮೀಟರು ಹಿಡಿದು ಹೊರಟರು. ಇಷ್ಟು ವರ್ಷ ಕಾದದ್ದಕ್ಕೆ ಕೊನೆಗೂ ಪಟ್ಟ ಸಿಕ್ಕಿತು ಅಂದುಕೊಂಡೆ. ಊಟಕ್ಕೆ ಬಂದಾಗ ಶಿಳ್ಳೆ ಇರಲಿಲ್ಲ. ದಿಬ್ಬದ ಹೊಲ ಒಣಗಿದೆ, ಆದರೆ ಅಂಚಿನಲ್ಲಿ ಹಸಿ. ಮನೆ ಹಿಂದಿನದು ಒಂದು ಕಡೆ ಒಂದು ಥರ. ಹಳ್ಳದ ಹೊಲ ಇನ್ನೂ ಹಸಿ. ನಾಳೆ ನೋಡೋಣ ಅಂದರು. ನಾಳೆ ಬಂತು. ಇನ್ನೊಂದು ದಿನ ಬಿಸಿಲು ಕಾಯಲಿ ಅಂದರು. ಅದೂ ಕಾದಿತು. ಆಗ ರೇಡಿಯೋದಲ್ಲಿ ವಾರದ ಕೊನೆಗೆ ಮಳೆ ಬರಬಹುದು ಅಂದರು. "ಬರುತ್ತೆ ಅಂದ್ರೋ, ಬರಬಹುದು ಅಂದ್ರೋ?" ಅಂತ ನನ್ನನ್ನು ಕೇಳಿದರು, ರೇಡಿಯೋದವರು ನನ್ನ ತವರಿನವರು ಅನ್ನುವ ಹಾಗೆ. ಮೀಟರು ಊಟದ ಮೇಜಿನ ಮೇಲೆ ಉಪ್ಪಿನ ಬಟ್ಟಲಿನ ಪಕ್ಕ ಬಂದು ಕೂತಿತು. ಒಂದು ಸಂಜೆ ನೋಡುತ್ತೇನೆ, ಅಡುಗೆಮನೆ ಡಬ್ಬಿಯಲ್ಲಿದ್ದ ಕಾಳನ್ನು ಅಳೆಯುತ್ತಿದ್ದಾರೆ. ಮೀಟರು ಸರಿಯಾಗಿದೆಯಾ ನೋಡೋಕೆ ಅಂತೆ.

ಮೀನಮೇಷ ಎಣಿಸುವುದು ಅಂತ ಕೇಳಿದ್ದೆ. ಈ ಸಲ ಕಣ್ಣಾರೆ ಕಂಡೆ.

ಅಷ್ಟರಲ್ಲಿ ಪಕ್ಕದ ಹೊಲದವರ ಮಷೀನು ಗುರ್ ಅನ್ನತೊಡಗಿತು. ಬಿಸಿಗಾಳಿ ಬೇರೆ ಎದ್ದಿತು. ಸೋಯಾ ವಿಪರೀತ ಒಣಗಿದರೆ ಹೇಗೆ ಅಂತ ನಿನಗೆ ನೆನಪಿದೆಯಲ್ಲ? ಯಾರೂ ಮುಟ್ಟದಿದ್ದರೂ ಕಾಯಿ ತಾನಾಗಿ ಚಟ್ ಅಂತ ಸಿಡಿಯುತ್ತದೆ. ಪಾತ್ರೆ ತೊಳೆಯುತ್ತಾ ಕಿಟಕಿಯಲ್ಲಿ ಕಿವಿಯಿಟ್ಟರೆ ಚಟ್, ಚಟ್. ಒಂದೊಂದು ಚಟ್ಟಿಗೂ ನಮ್ಮ ಕಾಳು ನೆಲಕ್ಕೆ.

ನಾನು ಮಾವನ ಹತ್ತಿರ ಹೋಗಿ, ಒಂದೇ ಒಂದು ಮಾತು ಹೇಳಿಬಿಡಿ ಮಾವ, ಅವರು ಹೊರಡುತ್ತಾರೆ ಅಂದೆ. ಗೋಡೆಗೇ ಉತ್ತರ ಕೊಟ್ಟರು: "ಬಾಯಲ್ಲಿ ರಕ್ತ ಬಂದ್ರೆ ಕೇಳದವನು ಬಾಯಿಂದ ಮಾತು ಬಂದ್ರೆ ಕೇಳ್ತಾನಾ?" ನಿಮ್ಮಣ್ಣನ ಹತ್ತಿರ ಹೋಗಿ, ಅಪ್ಪನಿಗೆ ನೋವಾಗಿದೆ, ಹೋಗಿ ಮಾತಾಡಿಸಿ, ಹಾಗೇ ದಿನವನ್ನೂ ಕೇಳಿಬಿಡಿ ಅಂದೆ. "ನಾನ್ಯಾಕೆ ಕೇಳಲಿ? ನೀನೇ ನೋಡ್ಕೋ ಅಂದ್ರಲ್ಲ" ಅಂತ ಸಿಡುಕಿದರು. ಆಮೇಲೆ ಮೀಟರಿನ ಗುಂಡಿ ಒತ್ತುತ್ತಾ, ಮೆಲ್ಲಗೆ, "ತಪ್ಪಾದ್ರೆ ಏನು ಮಾಡೋದು?" ಅಂದರು.

ಅಷ್ಟು ದೊಡ್ಡ ಆಳು, ಪುಟ್ಟೀ. ಆ ದನಿ ಕೇಳಿ ನನಗೆ ಅಳುವೂ ಬಂತು, ಸಿಟ್ಟೂ ಬಂತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನಮ್ಮ ಮನೆಯಲ್ಲಿ ಕಾಳೂ ಇತ್ತು, ಮೀಟರೂ ಇತ್ತು, ಇಬ್ಬರು ಗಂಡಸರೂ ಇದ್ದರು. ಹೂಂ ಅನ್ನುವವರು ಮಾತ್ರ ಇರಲಿಲ್ಲ.

ಸೆರಗಿಗೆ ಕೈ ಒರೆಸಿಕೊಂಡೆ. ಬಾಗಿಲ ಹಿಂದಿನ ಮೊಳೆಯಿಂದ ಮಷೀನಿನ ಕೀ ತೆಗೆದೆ.

ಕೋಪಕ್ಕೆ ತೆಗೆದೆ ಅಂತ ಅವರಿಬ್ಬರಿಗೂ ಹೇಳಿದ್ದೇನೆ, ನೀನೂ ಹಾಗೇ ನಂಬಿದ ಹಾಗೆ ಮಾಡು. ನಿನಗೆ ಮಾತ್ರ ನಿಜ ಹೇಳುತ್ತೇನೆ: ಕೋಪ ಕಾಲುಭಾಗ, ಉಳಿದದ್ದು ಆಸೆ. ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ಕಟಾವಿನಲ್ಲಿ ನನ್ನ ಕೆಲಸ ಟ್ರ್ಯಾಕ್ಟರು. ಕಾಳು ತುಂಬುವ ಟ್ರೇಲರು ಕಟ್ಟಿಕೊಂಡು ಮಷೀನಿನ ಪಕ್ಕಪಕ್ಕದಲ್ಲೇ ಓಡಿಸುವುದು, ಕತ್ತು ಎತ್ತಿ ಆ ಕ್ಯಾಬಿನ್ನಿನ ಗಾಜು ನೋಡುವುದು. ಅಲ್ಲಿಂದ ಹೊಲ ಹೇಗೆ ಕಾಣುತ್ತದೋ ಅಂತ ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ. ಒಂದು ದಿನವೂ ಮರೆಯಲೂ ಇಲ್ಲ.

ಈಗ ಹೇಳುತ್ತೇನೆ ಕೇಳು: ಸಮುದ್ರದ ಹಾಗೆ ಕಾಣುತ್ತದೆ.

ಆದರೆ ಸಮುದ್ರಕ್ಕೆ ಹೋಗುವ ಮೊದಲು ಶೆಡ್ಡಿನಿಂದ ಹೊರಗೆ ಬರಬೇಕಲ್ಲ! ಮುಂದೆ ಎಷ್ಟು ಅಗಲವಿದೆ ಅಂತ ಎಲ್ಲಾ ಲೆಕ್ಕ ಹಾಕಿದೆ, ಹಿಂದೆ ಬಾಲವಿದೆ ಅನ್ನುವುದು ತಿರುಗಿಸುವಾಗ ಮರೆತುಹೋಯಿತು. ಮಷೀನು ತಿರುಗುವುದು ಹಿಂದಿನ ಚಕ್ರದಿಂದ ಅನ್ನುವುದು ಕಂಬಕ್ಕೆ ತಾಗಿದ ಮೇಲೆ ನೆನಪಾಯಿತು. ಧಡ್ ಅಂತ ಸದ್ದಾಯಿತು. ಆ ಸದ್ದಿಗೇ ಜಗಲಿಯಿಂದ ಇಬ್ಬರೂ ಎದ್ದರು. ಗೋಡೆ ಕಡೆ ತಿರುಗಿದ್ದ ಕುರ್ಚಿ ಮಗುಚಿಬಿತ್ತು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಇಳಿಸುತ್ತಾರೆ ಅಂತ ಗೊತ್ತಿತ್ತು. ಕನ್ನಡಿಯಲ್ಲಿ ನೋಡುತ್ತೇನೆ, ಮುಂದೆ ನಿಮ್ಮಣ್ಣ ಕೈ ಬೀಸುತ್ತಾ, ಹಿಂದೆ ನಿಮ್ಮಪ್ಪ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು, ದಿಬ್ಬದ ತನಕ ಓಡಿ ಬಂದರು. ಮಂಡಿ ನೋವು ಅಂತ ಮೆಟ್ಟಿಲಿಳಿಯಲು ನನ್ನ ಕೈ ಹಿಡಿಯುವ ಮಾವ!

ಹೊಲದ ಅಂಚಿನಲ್ಲಿ ನಿಲ್ಲಿಸಿದೆ. ಮಾವ ಏಣಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ, ನನ್ನ ಪಕ್ಕದ ಪುಟ್ಟ ಸೀಟಿನಲ್ಲಿ ಕೂತರು. ಬೈಗುಳಕ್ಕೆ ತಲೆಯೊಡ್ಡಿ ಕಾದೆ. ಅವರು ಬೆರಳಿನಿಂದ ಗಾಜು ಕುಟ್ಟಿ ಮುಂದೆ ತೋರಿಸಿದರು. "ಬ್ಲೇಡು ಇನ್ನೂ ಕೆಳಗೆ ಬಿಡಮ್ಮ. ಗೋಧಿಯಲ್ಲ ಇದು, ಸೋಯಾ. ಬುಡದ ಕಾಯಿ ಬಿಟ್ರೆ ಪಾರಿವಾಳಕ್ಕೆ ಬಿತ್ತನೆ ಮಾಡಿದ ಹಾಗೆ."

ಕೆಳಗೆ ಬಿಟ್ಟೆ. ಹೊರಗಿಂದ ನಿಮ್ಮಣ್ಣ ಎರಡೂ ಕೈ ಮೇಲೆತ್ತಿ ಕುಣಿಯುತ್ತಾ, "ಮೇಲೆ! ಮೇಲೆ ಎತ್ತೇ! ಅಲ್ಲಿ ಕಲ್ಲಿದೆ!"

"ಕೆಳಗೆ" ಅಂದರು ಮಾವ.

"ಮೇಲೆ!" ಅಂದರು ಇವರು.

ಎತ್ತು ಏರಿಗೆ, ಕೋಣ ನೀರಿಗೆ. ನಾನು ಬಾಗಿಲು ತೆಗೆದು ಕೂಗಿದೆ, ಪಕ್ಕದ ಹೊಲದವರಿಗೂ ಕೇಳಿಸಿರಬೇಕು: "ನೋಡ್ರೀ, ವಾರದಿಂದ ಇಬ್ರೂ ಬಾಯಿ ಮುಚ್ಕೊಂಡಿದ್ರಿ. ಈಗ ಒಬ್ರು ಮಾತ್ರ ಮಾತಾಡಿ. ಇನ್ನೊಬ್ರು ಹೋಗಿ ಟ್ರೇಲರ್ ತನ್ನಿ!"

ಆಮೇಲೆ ಮಾವ ನಕ್ಕರು. ಬೊಚ್ಚುಬಾಯಿ ತೆರೆದು, ಭುಜ ಕುಲುಕಿಸಿ, ಕಣ್ಣೀರು ಬರುವಷ್ಟು. "ನಿಮ್ಮತ್ತೆ ಇದ್ದಿದ್ರೆ ಸೋಮವಾರವೇ ಕೀ ತೆಗೀತಿದ್ಲು" ಅಂದರು. ನಿಮ್ಮಣ್ಣ ಒಮ್ಮೆ ಅಪ್ಪನನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡು, ಟ್ರ್ಯಾಕ್ಟರ್ ತರಲು ಹೋದರು.

ಅಂದು ಇಬ್ಬನಿ ಬೀಳುವ ತನಕ ಕೊಯ್ದೆವು. ಹಿಂದಿನ ತೊಟ್ಟಿಗೆ ಕಾಳು ಬೀಳುವ ಸದ್ದು ಟ್ರ್ಯಾಕ್ಟರಿನಲ್ಲಿ ಕೂತವರಿಗೆ ಕೇಳಿಸುವುದಿಲ್ಲ, ಕ್ಯಾಬಿನ್ನಿನಲ್ಲಿ ಕೂತವರಿಗೆ ಬೆನ್ನಲ್ಲೇ ಕೇಳಿಸುತ್ತದೆ, ಗೊತ್ತಾ? ಹಂಚಿನ ಮೇಲೆ ಮಳೆ ಬಿದ್ದ ಹಾಗೆ. ಇಷ್ಟು ಒಳ್ಳೆಯ ಸದ್ದನ್ನು ಗಂಡಸರು ಇಷ್ಟು ವರ್ಷ ತಾವೇ ಇಟ್ಟುಕೊಂಡಿದ್ದರಲ್ಲ ಅನ್ನಿಸಿತು.

ಕಲ್ಲಿನ ವಿಷಯದಲ್ಲಿ ಮಾತ್ರ ನಿಮ್ಮಣ್ಣನೇ ಸರಿ. ಮೂರನೆಯ ಸಾಲಿಗೋ ಏನೋ ಮಷೀನಿನ ಬಾಯಲ್ಲಿ ಕಟಕಟ ಅಂತ ಭಯಂಕರ ಸದ್ದು. ತಕ್ಷಣ ನಿಲ್ಲಿಸಿದೆ. ನಿಮ್ಮಣ್ಣ ಅಂಗಾತ ಮಲಗಿ ಒಳಗೆ ಕೈ ಹಾಕಿ, ಮೈಯೆಲ್ಲ ಹೊಟ್ಟು ಮಾಡಿಕೊಂಡು, ಒಂದು ಕಲ್ಲು ಎಳೆದು ತೆಗೆದರು. "ನಾನು ಹೇಳಿದ್ನಾ ಇಲ್ವಾ" ಅನ್ನುವ ಅವಕಾಶ ಬಿಡುವ ಮನುಷ್ಯ ಅಲ್ಲ ಅವರು, ಆದರೂ ಅನ್ನಲಿಲ್ಲ. ಮಾವ ಇಳಿದು ಬಂದು ಕಲ್ಲನ್ನು ಕಾಲಲ್ಲಿ ಹೊರಳಿಸಿ ನೋಡಿದರು. ಇದು ನಮ್ಮಪ್ಪನ ನೇಗಿಲು ಮುರಿದ ಕಲ್ಲು, ನನ್ನ ಮೊದಲ ಮಷೀನಿಗೂ ಸಿಕ್ಕಿತ್ತು, ಈಗ ಸೊಸೆಯ ಪರಿಚಯ ಮಾಡಿಕೊಳ್ಳೋಕೆ ಬಂದಿದೆ ಅಂದರು. ಸುಳ್ಳೇ ಇರಬೇಕು. ಆದರೆ ನಿಮ್ಮಣ್ಣ ನಕ್ಕರು. ಬ್ಲೇಡಿನ ಎರಡು ಹಲ್ಲು ಬಾಗಿದ್ದವು, ಬದಲಾಯಿಸಿದೆವು. ಮಾವನ ಮುಂದೆ ಆ ಮಾತನ್ನು ಆಡುವಾಗ ಹಲ್ಲು ಅನ್ನದೆ ತುಂಡು ಅಂದೆವು.

ದಿಬ್ಬದ ಹೊಲ ಮುಗಿಯಿತು, ಮನೆ ಹಿಂದಿನದೂ ಮುಗಿಯಿತು. ಹಳ್ಳದ ಹೊಲಕ್ಕೆ ಇನ್ನೇನು ಇಳಿಯಬೇಕು, ಮಧ್ಯಾಹ್ನ ಊಟದ ಹೊತ್ತಿಗೆ ರೇಡಿಯೋದವರ "ಬರಬಹುದು" ಬಂದೇಬಿಟ್ಟಿತು. ಎಂಥಾ ಮಳೆ ಅಂತೀಯ! ಬದುವಿನಾಚೆ ಏನೂ ಕಾಣಿಸದ ಹಾಗೆ. ಚೆನ್ನಾಗಿ ಒಣಗಿದ ಕಾಯಿ ಮಳೆಯಲ್ಲಿ ನೆಂದು ಮತ್ತೆ ಬಿಸಿಲು ಕಂಡರೆ ಬಾಯಿ ಬಿಡುತ್ತದೆ. ಆ ಹೊಲದಲ್ಲಿ ಒಂದು ಪಾಲು ನೆಲದ ಪಾಲು ಅಂತ ಯಾರೂ ಹೇಳಬೇಕಾಗಿರಲಿಲ್ಲ.

ನಿಮ್ಮಣ್ಣ ಊಟದ ತಟ್ಟೆ ಬಿಟ್ಟು ಎದ್ದು ಹೋದರು. ಅಡುಗೆಮನೆ ಕಿಟಕಿಯಿಂದ ನೋಡಿದೆ, ಹಳ್ಳದ ಹೊಲದ ಅಂಚಿನಲ್ಲಿ ತಲೆಗೆ ಏನೂ ಇಲ್ಲದೆ ನಿಂತಿದ್ದಾರೆ, ತೊಯ್ದು ತೊಪ್ಪೆಯಾಗಿ. ಒಂದು ದಿನ ಮೊದಲು ಶುರು ಮಾಡಿದ್ದರೆ ಅಂತ ನಾನು ಅನ್ನಲಿಲ್ಲ. ಅವರ ಬೆನ್ನೇ ಅದನ್ನು ಅನ್ನುತ್ತಿತ್ತು. ಟವೆಲ್ ತೆಗೆದುಕೊಂಡು ನಾನೇ ಹೊರಟೆ. ಅಷ್ಟರಲ್ಲಿ ಮಾವ ನನ್ನನ್ನು ದಾಟಿಕೊಂಡು ಛತ್ರಿ ಬಿಚ್ಚಿ ಮಳೆಗಿಳಿದರು. ಮಗನ ಪಕ್ಕದಲ್ಲಿ ಹೋಗಿ ನಿಂತರು. ನಿಮ್ಮಣ್ಣ ಎತ್ತರ, ಇವರು ಬಾಗಿದವರು. ಛತ್ರಿ ಮಗನ ತಲೆಗೆ ಎಟುಕಲಿಲ್ಲ, ಭುಜಕ್ಕೆ ತಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ನಿಮ್ಮಣ್ಣ ಛತ್ರಿಯನ್ನು ತಮ್ಮ ಕೈಗೆ ತೆಗೆದುಕೊಂಡು ಅಪ್ಪನ ಕಡೆಗೆ ವಾಲಿಸಿ ಹಿಡಿದರು. ತುಂಬಾ ಹೊತ್ತು ಹಾಗೇ ನಿಂತು ಮಾತಾಡಿದರು.

ಏನು ಮಾತಾಡಿದಿರಿ ಅಂತ ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದೆ. ಅಪ್ಪ ಏನಂದರು ಅಂದರೆ, ಛತ್ರಿ ಸರಿಯಾಗಿ ಹಿಡ್ಕೋ ಅಂದರು ಅಂತ ನಿಮ್ಮಣ್ಣ. ಅಷ್ಟಕ್ಕೇ ಕಣ್ಣು ಕೆಂಪಾಗಿತ್ತಾ ಅಂದೆ. ಮಳೆ ನೀರು ಅಂದರು. ಮಾವ ಮಾತ್ರ ರಾತ್ರಿಯ ಗಂಜಿ ಕುಡಿಯುತ್ತಾ ತಾವಾಗಿ ಹೇಳಿದರು. ಹಲ್ಲು ನೋಯ್ತಾ ಅಪ್ಪ ಅಂತ ಕೇಳಿದನಂತೆ ಮಗ. ಹೂಂ, ನೋಯ್ತು ಅಂದರಂತೆ. ಆಮೇಲೆ ಮಗ, ನಿಮಗೆ ಹೇಗೆ ಗೊತ್ತಾಗ್ತಿತ್ತು ಅಪ್ಪ, ಇದೇ ದಿನ ಅಂತ ಹೇಗೆ ಹೇಳ್ತಿದ್ರಿ ಅಂದನಂತೆ.

"ಏನು ಹೇಳಿದ್ರಿ ಮಾವ?"

"ಏನು ಹೇಳೋದು? ನನಗೆಲ್ಲಿ ಗೊತ್ತಾಗ್ತಿತ್ತು! ಕಾಳು ಕಚ್ಚೋ ಹೊತ್ತಿಗೆ ಸ್ವಲ್ಪ ಧೈರ್ಯ ಬರ್ತಿತ್ತು, ಆ ಧೈರ್ಯ ಇಳಿಯೋದ್ರೊಳಗೆ ಹೊರಡಿ ಅಂತಿದ್ದೆ. ಎಷ್ಟೋ ಸಲ ಮಳೆಗೆ ಸಿಕ್ಕಿಹಾಕ್ಕೊಂಡಿದೀನಿ. ಇವನು ಆಗ ಚಿಕ್ಕವನು, ನೆನಪಿಲ್ಲ." ಗಂಜಿ ಬಟ್ಟಲನ್ನು ಕೆಳಗಿಟ್ಟು, ಇನ್ನೂ ಸ್ವಲ್ಪ ಹಾಕು ಅಂದರು. ಅದೆಷ್ಟು ದಿನದ ಮೇಲೆ ಎರಡನೆಯ ಸಲ ಕೇಳಿದ್ದು!

ಮಳೆ ನಿಂತು ಬಿಸಿಲು ಬಿತ್ತು. ಹಳ್ಳದ ಹೊಲ ಆರಲಿ ಅಂತ ಕಾದೆವು. ಮೀಟರಿನ ಸುದ್ದಿಯನ್ನು ನಾನೂ ಎತ್ತಲಿಲ್ಲ, ಮಾವನೂ ಎತ್ತಲಿಲ್ಲ. ಶುಕ್ರವಾರ ಬೆಳಿಗ್ಗೆ ನಿಮ್ಮಣ್ಣ ಹೊಲಕ್ಕೆ ಹೋಗಿ ಬಂದು, ಕೈಕಾಲು ತೊಳೆದು, ಕಾಫಿಗೆ ಕೂತರು. ಒಂದು ಗುಟುಕು ಕುಡಿದು, ಲೋಟದ ಕಡೆ ನೋಡುತ್ತಾ, "ಊಟ ಆದ್ಮೇಲೆ ಹಳ್ಳದ ಹೊಲಕ್ಕೆ ಇಳಿಯೋಣ" ಅಂದರು.

ಅಳೆದಿರಾ ಅಂತ ನಾನು ಕೇಳಲಿಲ್ಲ. ಮಾವ ತಲೆಯೆತ್ತದೆ, ಸೊರ್ರ್ ಅಂತ ಇಡೀ ಮನೆಗೆ ಕೇಳುವ ಹಾಗೆ ಕಾಫಿ ಹೀರಿದರು. ಅಷ್ಟೇ. ನಿಮ್ಮಣ್ಣ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿ, ಮಷೀನು ನೀನೇ ಓಡಿಸು, ಟ್ರೇಲರಿನಿಂದ ನೋಡಿದರೆ ನೀನು ಸಾಲು ನೇರವಾಗಿ ಹಿಡೀತೀಯ ಅಂದರು. ಕಂಬದ ವಿಷಯ ಎತ್ತಲಿಲ್ಲ, ಬದುಕಿಕೊಂಡೆ.

ಹಳ್ಳದ ಹೊಲ ನಿನ್ನೆ ಸಂಜೆ ಮುಗಿಯಿತು. ನಷ್ಟ ಆಗಿದೆ, ಆಗಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ನೆಲದ ಮೇಲೆ ಬಿದ್ದಿದ್ದನ್ನು ತಿನ್ನಲು ಎಲ್ಲೆಲ್ಲಿಂದಲೋ ಪಾರಿವಾಳ ಬಂದಿವೆ, ಮದುವೆ ಮನೆಯ ಹಾಗೆ ಗಲಾಟೆ. ಉಳಿದದ್ದು ಕಣಜದಲ್ಲಿದೆ. ಒಣಗಿ, ಗಟ್ಟಿಯಾಗಿ, ಕೈ ಹಾಕಿದರೆ ಮೊಣಕೈ ತನಕ ತಂಪಾಗಿದೆ. ಕೊನೆಯ ಟ್ರೇಲರು ಸುರಿದ ಮೇಲೆ ಅಪ್ಪ ಮಗ ಇಬ್ಬರೂ ಕಣಜದ ಏಣಿಯ ಹತ್ತಿರ ನಿಂತು, ಮುಂದಿನ ಸಲ ಮೊದಲು ಯಾವ ಹೊಲ ಅಂತ ಆಗಲೇ ಜಗಳ ಶುರು ಮಾಡಿದ್ದರು. ಇಬ್ಬರ ದನಿಯೂ ಎಷ್ಟು ಖುಷಿಯಾಗಿತ್ತು ಅಂದರೆ, ಊಟಕ್ಕೆ ಕರೆಯಲು ಹೋದವಳು ಕರೆಯದೆ ವಾಪಸ್ ಬಂದೆ.

ಗೊರಕೆ ಒಂದು ನಿಂತಿತು. ಯಾರೋ ಎದ್ದ ಹಾಗಿದೆ. ಇಲ್ಲಿಗೆ ಮುಗಿಸುತ್ತೇನೆ. ನಿಮ್ಮೆಜಮಾನರಿಗೆ ನನ್ನ ನೆನಪು ಹೇಳು, ಮಕ್ಕಳಿಗೆ ಮುತ್ತು ಕೊಡು.

ಇಂತಿ, ಮೈಕೈಯೆಲ್ಲ ನೋಯುತ್ತಿದ್ದರೂ ಬೀಗುತ್ತಿರುವ
ನಿನ್ನ ಅತ್ತಿಗೆ

ಬರೆದು ಮಡಿಸಿದ ಮೇಲೆ: ಎದ್ದವರು ಮಾವ. ನೀರು ಕುಡಿಯಲು ಬಂದವರು ಲೋಟ ಹಿಡಿದುಕೊಂಡು, ಪುಟ್ಟಿಯ ಮನೆಗೆ ಮೆಟ್ಟಿಲು ಹತ್ತಬೇಕಾ ಅಂತ ಕೇಳಿದರು. ಯಾಕೆ ಮಾವ ಅಂದೆ. ಸುಮ್ಮನೆ ಅಂದರು. ಮತ್ತೆ ಒಂದು ಗುಟುಕು ಕುಡಿದು, ಅಲ್ಲಿ ಮಲಗೋ ಕೋಣೆಗೆ ಕಿಟಕಿ ಇದೆಯಾ ಅಂದರು. ನಿನ್ನ ಮದುವೆಯಾಗಿ ಇಷ್ಟು ವರ್ಷವಾದರೂ, ಹೊಲ ಯಾರು ನೋಡ್ಕೋತಾರೆ ಅಂತ ಒಂದು ರಾತ್ರಿಯೂ ನಿನ್ನ ಮನೆಯಲ್ಲಿ ತಂಗದ ಮನುಷ್ಯ! ಚಳಿಗಾಲವಿಡೀ ಇರುವ ಯೋಚನೆಯಂತೆ. ಪೆಟ್ಟಿಗೆ ಮಂಚದ ಕೆಳಗಿಂದ ಈಗಾಗಲೇ ಹೊರಗೆ ಬಂದಿದೆ, ನಾನು ನೋಡಿದೆ. ನಿನಗೆ ಹೇಳಕೂಡದು, ಇದ್ದಕ್ಕಿದ್ದ ಹಾಗೆ ಬಾಗಿಲಲ್ಲಿ ನಿಲ್ಲಬೇಕು ಅಂದಿದ್ದಾರೆ. ನಾನು ಹೇಳಿಲ್ಲ, ನೀನು ಓದಿಲ್ಲ. ಹಾಸಿಗೆ ಕಿಟಕಿ ಪಕ್ಕದಲ್ಲಿ ಹಾಕಿಡು.